ಕಲೆಯ ಸಾಹಸಕ್ಕೆ ಸರ್ಕಾರದ ಹಣ: ನಷ್ಟವನ್ನು ಅಳೆಯುವುದು ಹೇಗೆ?

ಸಾರ್ವಜನಿಕ ಹಣದಿಂದ ಕಲೆಗೆ ನೆರವು ನೀಡುವ ಸಂಸ್ಥೆಗಳು ಸದಾ ಎರಡು ಆರೋಪಗಳ ನಡುವೆ ಸಿಲುಕಿರುತ್ತವೆ. ಹೊಸ ಪ್ರಯೋಗಕ್ಕೆ ಹಣ ನೀಡಿ ಅದು ಸೋತರೆ ದುಂದುವೆಚ್ಚ ಎಂಬ ಟೀಕೆ. ಗೆಲುವು ಖಚಿತವಾದ ಕೃತಿಗಷ್ಟೇ ನೀಡಿದರೆ, ಅದಕ್ಕೆ ಸರ್ಕಾರವೇ ಏಕೆ ಬೇಕಿತ್ತು ಎಂಬ ಪ್ರಶ್ನೆ. ಈ ಇಕ್ಕಟ್ಟನ್ನು ಅರಿಯಲು ಭಾರತೀಯ ಚಿತ್ರರಂಗದ ಇತಿಹಾಸದಲ್ಲೇ ಉತ್ತಮ ನಿದರ್ಶನವಿದೆ.

ನಿಗಮದ ಹುಟ್ಟು

ಎಸ್.ಕೆ. ಪಾಟೀಲ್ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ 1951ರಲ್ಲಿ ಸಲ್ಲಿಸಿದ ವರದಿಯ ಶಿಫಾರಸಿನಂತೆ, ಕೇಂದ್ರ ಸರ್ಕಾರ 1960ರಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಸ್ಥಾಪಿಸಿತು. ಉತ್ತಮ ಚಿತ್ರಗಳಿಗೆ ಸಾಲ ನೀಡುವುದು ಇದರ ಕೆಲಸ. ಅರವತ್ತರ ದಶಕದ ಕೊನೆಯಲ್ಲಿ ನಿಗಮ ಕಡಿಮೆ ವೆಚ್ಚದ ಹೊಸ ಬಗೆಯ ಚಿತ್ರಗಳತ್ತ ತಿರುಗಿತು. ಮೃಣಾಲ್ ಸೇನ್ ಅವರ ‘ಭುವನ್ ಶೋಮ್’, ಬಾಸು ಚಟರ್ಜಿ ಅವರ ‘ಸಾರಾ ಆಕಾಶ್’ ಹಾಗೂ ಮಣಿ ಕೌಲ್ ಅವರ ‘ಉಸ್ಕಿ ರೋಟಿ’ ಈ ನೀತಿಯ ಫಲ.

1969ರ ‘ಭುವನ್ ಶೋಮ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಆದರೆ ‘ಉಸ್ಕಿ ರೋಟಿ’ಗೆ ಚಿತ್ರಮಂದಿರಗಳ ಬಾಗಿಲು ತೆರೆಯಲಿಲ್ಲ. ಕಥೆಯ ಓಟವನ್ನೇ ಬದಿಗಿಟ್ಟ ಆ ಚಿತ್ರವನ್ನು ಕೆಲವರು ಹೊಗಳಿದರೆ, ಹಲವರು ಹಳಿದರು.

ಲೆಕ್ಕದ ಪ್ರಶ್ನೆ

1976ರಲ್ಲಿ ಸಂಸತ್ತಿನ ಸಾರ್ವಜನಿಕ ಉದ್ಯಮಗಳ ಸಮಿತಿ ನಿಗಮದ ಸಾಲನೀತಿಯನ್ನು ಕಟುವಾಗಿ ಟೀಕಿಸಿತು. ಹಾಕಿದ ಹಣ ಮರಳುವ ಸಾಧ್ಯತೆಯೂ ಪರಿಗಣನೆಗೆ ಬರಬೇಕೆಂಬುದು ಅದರ ವಾದ. ಬಳಿಕ ಕಥೆಯಲ್ಲಿ ಮಾನವೀಯ ಆಸಕ್ತಿ, ಭಾರತೀಯತೆ, ಪ್ರೇಕ್ಷಕರು ತಮ್ಮವರೆನ್ನಬಹುದಾದ ಪಾತ್ರಗಳು ಮುಂತಾದ ಮಾನದಂಡಗಳು ಬಂದವು. ಇವು 1969ರಲ್ಲೇ ಇದ್ದಿದ್ದರೆ ‘ಉಸ್ಕಿ ರೋಟಿ’ ತೇರ್ಗಡೆಯಾಗುತ್ತಿತ್ತೇ ಎಂಬುದು ಅನುಮಾನ.

ಸಮಿತಿಯ ಆಕ್ಷೇಪವನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಜನರ ಹಣಕ್ಕೆ ಲೆಕ್ಕ ಕೇಳುವುದು ಸಂಸತ್ತಿನ ಹಕ್ಕು. ಆದರೆ ನಷ್ಟದ ಕಾರಣ ಚಿತ್ರಗಳಲ್ಲಷ್ಟೇ ಇರಲಿಲ್ಲ. ಚಿತ್ರ ತಯಾರಿಸಲು ಸಾಲವಿತ್ತು. ತೋರಿಸಲು ವಿತರಣೆಯ ವ್ಯವಸ್ಥೆ ಇರಲಿಲ್ಲ. ಜನರಿಗೆ ತಲುಪದ ಚಿತ್ರ ಸಾಲ ತೀರಿಸುವುದಾದರೂ ಹೇಗೆ?

ತಡವಾಗಿ ಬಂದ ಫಲ

1980ರಲ್ಲಿ ನಿಗಮವು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿತು. ಈ ಹೊಸ ಸಂಸ್ಥೆ ಹಣ ಹೂಡಿದ ‘ಗಾಂಧಿ’ 8 ಆಸ್ಕರ್ ಗೆದ್ದಿತು. ಕುಂದನ್ ಶಾ ಅವರ ಚೊಚ್ಚಲ ಚಿತ್ರ ‘ಜಾನೇ ಭಿ ದೋ ಯಾರೋ’ 1983ರಲ್ಲಿ ತೆರೆಕಂಡಾಗ ಹೆಚ್ಚು ಸದ್ದು ಮಾಡಲಿಲ್ಲ. ವರ್ಷಗಳು ಉರುಳಿದಂತೆ ಜನಪ್ರಿಯವಾಗಿ, 2012ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ವಾರ್ಷಿಕ ಲೆಕ್ಕಪತ್ರದಲ್ಲಿ ಇಂತಹ ಗಳಿಕೆಗೆ ಕಲಂ ಇರುವುದಿಲ್ಲ. ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ 1988ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿ ಪಡೆಯಿತು.

ಅಪಾಯ ಯಾರ ಪಾಲಿಗೆ?

ಕರ್ನಾಟಕದಲ್ಲೂ ಕನ್ನಡ ಚಿತ್ರಗಳಿಗೆ ಸರ್ಕಾರದ ಸಹಾಯಧನವಿದೆ. ಆದರೆ ಇಲ್ಲಿ ಆಯ್ಕೆ ಸಮಿತಿ ನೋಡುವುದು ಸಿದ್ಧಗೊಂಡ ಚಿತ್ರವನ್ನು. ಸರ್ಕಾರಕ್ಕೆ ಇದು ಸುರಕ್ಷಿತ ಮಾರ್ಗ. ಆದರೆ ಚಿತ್ರ ಮುಗಿಯುವವರೆಗಿನ ಅಪಾಯವೆಲ್ಲ ನಿರ್ಮಾಪಕನದೇ. ಬಂಡವಾಳವಿಲ್ಲದ ಹೊಸಬರ ಸಾಹಸ ಚಿತ್ರಕಥೆಯ ಹಂತದಲ್ಲೇ ನಿಂತುಹೋಗುವ ಸಂಭವವಿದೆ.

ಹಳೆಯ ನಿಗಮದ ಅನುಭವ ಮೂರು ಅಂಶಗಳನ್ನು ಸೂಚಿಸುತ್ತದೆ. ಒಟ್ಟು ಅನುದಾನದ ಒಂದು ಪಾಲನ್ನು ಪ್ರಯೋಗಕ್ಕೆಂದೇ ಮೀಸಲಿಡಬೇಕು. ಆಯ್ಕೆಯ ಕಾರಣಗಳನ್ನು ಬಹಿರಂಗಪಡಿಸಬೇಕು. ತಯಾರಿಕೆಯ ಜೊತೆಗೆ ಪ್ರದರ್ಶನಕ್ಕೂ ಹಣವಿರಬೇಕು. ಹತ್ತರಲ್ಲಿ ಕೆಲವು ಸೋಲುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಂಡ ಸಂಸ್ಥೆ ಮಾತ್ರ ಹೊಸತಕ್ಕೆ ನೆರವಾಗಬಲ್ಲದು. ಆದರೆ ಆ ಸೋಲನ್ನು ಜನರ ಮುಂದೆ ವಿವರಿಸುವ ಹೊಣೆಯೂ ಅದರದೇ.