ಜೀನೋಮ್: ಓದಿದ್ದಾಯಿತು, ಅರ್ಥವಾಯಿತೇ?

ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಸಿಂಧನೂರಿಗೆ ಹೋಗಿದ್ದಾಗ, ಕ್ಯಾಮೆರಾ ನಿಂತ ಮೇಲೆ ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಳಿಗೆ ಬಂದು ಕೇಳಿದಳು: “ಸರ್, ನಮ್ಮ ಅಜ್ಜಗ ಎದಿ ಬ್ಯಾನಿ ಇತ್ತು. ನಮ್ಮ ಕಾಕಾಗೂ ಐತಿ. ರಕ್ತ ತೆಗೆದು ನೋಡಿದ್ರ ನನಗ ಬರ್ತೈತೋ ಇಲ್ಲೋ ಹೇಳಾಕ ಬರ್ತೈತೇನ್ರಿ?”

ಪ್ರಶ್ನೆ ಚಿಕ್ಕದು. ಆದರೆ ‘ಹೌದು’ ಎಂದರೂ ತಪ್ಪು, ‘ಇಲ್ಲ’ ಎಂದರೂ ತಪ್ಪು. ಮರುದಿನ ಲಿಂಗಸುಗೂರಿಗೆ ಹೋಗುವಾಗ ದಾರಿಯಲ್ಲಿ ಮಸ್ಕಿಯಲ್ಲಿ ಇಳಿದೆವು. ಅಲ್ಲಿ ಅಶೋಕನ ಶಾಸನದ ಮುಂದೆ ನಿಂತಾಗ, ಉತ್ತರವನ್ನು ಎಲ್ಲಿಂದ ಆರಂಭಿಸಬೇಕೆಂದು ಹೊಳೆಯಿತು.

ಆ ಕಲ್ಲಿನ ಕಥೆ ನಿಮಗೆ ಗೊತ್ತಿರಬಹುದು. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದ. ಅಕ್ಷರಗಳೆಲ್ಲ ತಿಳಿದವು. ಆದರೆ ಶಾಸನಗಳಲ್ಲಿ ರಾಜನ ಹೆಸರಿನ ಜಾಗದಲ್ಲಿ ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಷ್ಟೇ ಇದ್ದವು. ಸಿಂಹಳದ ಗ್ರಂಥಗಳ ಆಧಾರದ ಮೇಲೆ ‘ಇವನೇ ಅಶೋಕ’ ಎಂದು ವಿದ್ವಾಂಸರು ಹೇಳುತ್ತಿದ್ದರೂ ಕಲ್ಲಿನ ಸಾಕ್ಷ್ಯ ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಬಿ.ಎಲ್. ರೈಸ್ ಪತ್ತೆಮಾಡಿದ ಪ್ರತಿಗಳಲ್ಲೂ ಹೆಸರಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಇನ್ನೊಂದು ಪ್ರತಿಯನ್ನು ಕಂಡ. ಬೇರೆಡೆ ಇದ್ದ ಒಕ್ಕಣೆಯೇ. ಆದರೆ ಇದರಲ್ಲಿ ‘ಅಶೋಕ’ ಎಂಬ ಒಂದು ಪದ ಹೆಚ್ಚಾಗಿತ್ತು. ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಆ ಒಂದು ಪದಕ್ಕೆ ಎಷ್ಟು ಬೆಲೆ ಬಂತೆಂಬುದನ್ನು ಯೋಚಿಸಿ. ಅಕ್ಷರ ಓದಿದ ದಿನಕ್ಕೂ ಈ ದಿನಕ್ಕೂ ನಡುವೆ 78 ವರ್ಷ!

ಈಗ ನಮ್ಮೊಳಗಿನ ಶಾಸನಕ್ಕೆ ಬರೋಣ. ತಂದೆಯಿಂದ ಒಂದು, ತಾಯಿಯಿಂದ ಒಂದು – ಹೀಗೆ ಜೀನೋಮಿನ ಎರಡು ಪ್ರತಿಗಳು ನಮ್ಮ ಜೀವಕೋಶಗಳಲ್ಲಿವೆ. ಪ್ರತಿಯೊಂದರಲ್ಲೂ ಸುಮಾರು 300 ಕೋಟಿ ಅಕ್ಷರಗಳು, ಅಕ್ಷರಮಾಲೆಯಲ್ಲಿರುವುದು ನಾಲ್ಕೇ. ಅದರೊಳಗೆ ಪ್ರೋಟೀನ್ ತಯಾರಿಕೆಯ ಸೂಚನೆ ಇರುವ ಜೀನುಗಳು ಸುಮಾರು 20,000. 2001ರಲ್ಲಿ, ನಾನು ಬಿ.ಎಸ್ಸಿ. ಮುಗಿಸುತ್ತಿದ್ದ ಕಾಲಕ್ಕೆ, ಇದರ ಕರಡು ಪ್ರತಿ ಪ್ರಕಟವಾಯಿತು. ಇನ್ನು ಕಾಯಿಲೆಗಳ ಗುಟ್ಟೆಲ್ಲ ಬಯಲಾಯಿತೆಂದೇ ನಾವು ಹಾಸ್ಟೆಲಿನಲ್ಲಿ ವಾದಿಸುತ್ತಿದ್ದೆವು. ಓದಿದ್ದೇನೋ ಆಗಿತ್ತು. ಆದರೆ ಯಾವ ಅಕ್ಷರ ತಪ್ಪಿದರೆ ಏನಾಗುತ್ತದೆಂಬುದು ಒಂದೇ ಪ್ರತಿಯಿಂದ ತಿಳಿಯುವುದಿಲ್ಲ. ಸಾವಿರಾರು ಜನರ ಪ್ರತಿಗಳನ್ನು ಹೋಲಿಸಬೇಕು, ಅವರಲ್ಲಿ ಯಾರಿಗೆ ಕಾಯಿಲೆ ಬಂದಿದೆ, ಯಾರಿಗೆ ಇಲ್ಲ ಎಂದು ನೋಡಬೇಕು.

ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಹತ್ತಿರವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹನ್ನೊಂದನೆಯ ವರ್ಣತಂತುವಿನಲ್ಲಿ ಎಂ.ವೈ.ಬಿ.ಪಿ.ಸಿ.3 ಎಂಬ ಜೀನ್ ಇದೆ. ಹೃದಯದ ಸ್ನಾಯು ಎಷ್ಟು ಬಿಗಿಯಾಗಿ ಕುಗ್ಗಬೇಕು ಎಂಬುದನ್ನು ಹದದಲ್ಲಿಡುವ ಪ್ರೋಟೀನನ್ನು ಅದು ತಯಾರಿಸುತ್ತದೆ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಈ ಜೀನಿನ 25 ಅಕ್ಷರಗಳು ಬಿಟ್ಟುಹೋಗಿವೆ. ಜೀವಕೋಶವು ಜೀನಿನ ನಕಲು ತೆಗೆದು, ಬೇಡದ ಭಾಗಗಳನ್ನು ಕತ್ತರಿಸಿ, ಬೇಕಾದವನ್ನು ಅಂಟಿಸುತ್ತದೆ – ನಾವು ಎಡಿಟಿಂಗ್ ಕೊಠಡಿಯಲ್ಲಿ ಮಾಡುವ ಹಾಗೆಯೇ. ಕತ್ತರಿ ಹಾಕಬೇಕಾದ ಗುರುತಿನ ಬಳಿಯೇ ಈ 25 ಅಕ್ಷರಗಳಿಲ್ಲ. ಹೀಗಾಗಿ ಬೇಕಾದ ಒಂದು ತುಂಡೂ ಬಿದ್ದುಹೋಗಿ, ಪ್ರೋಟೀನಿನ ಬಾಲದ ಭಾಗ ಕೆಡುತ್ತದೆ.

ಹೈದರಾಬಾದಿನ ಸಿ.ಸಿ.ಎಂ.ಬಿ.ಯ ತಂಗರಾಜ್, ಈಗ ಬೆಂಗಳೂರಿನ ಇನ್‌ಸ್ಟೆಮ್ ಮೂಲಕ ಪರಿಚಿತರಾಗಿರುವ ಧಂಡಪಾಣಿ ಮತ್ತು ಅವರ ಸಂಗಡಿಗರು 2009ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹೃದಯಸ್ನಾಯುವಿನ ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿದಾಗ, ಈ ಲೋಪ ಇರುವವರಿಗೆ ಅಪಾಯ ಸುಮಾರು ಏಳು ಪಟ್ಟು ಎಂದು ಕಂಡಿತು. ಇಷ್ಟು ಕೆಟ್ಟದಾಗಿದ್ದರೆ ಇದು ಇಷ್ಟೊಂದು ಜನರಲ್ಲಿ ಉಳಿದದ್ದು ಹೇಗೆ? ಕಾಯಿಲೆ ತೋರುವುದು ಹೆಚ್ಚಾಗಿ ನಡುವಯಸ್ಸು ದಾಟಿದ ಮೇಲೆ. ಅಷ್ಟರಲ್ಲಿ ಮಕ್ಕಳಾಗಿ, ಜೀನು ಮುಂದಿನ ತಲೆಮಾರಿಗೆ ದಾಟಿರುತ್ತದೆ.

‘ಏಳು ಪಟ್ಟು’ ಎಂದಾಕ್ಷಣ ಗಾಬರಿಯಾಗಬೇಡಿ. ಯಾವುದರ ಏಳು ಪಟ್ಟು ಎಂದು ಮೊದಲು ಕೇಳಿ. ಲೆಕ್ಕಕ್ಕಾಗಿ, ಸಾವಿರದಲ್ಲಿ ಇಬ್ಬರಿಗೆ ಬರುವ ಕಾಯಿಲೆ ಎಂದಿಟ್ಟುಕೊಳ್ಳಿ. ಏಳು ಪಟ್ಟಾದರೆ ಹದಿನಾಲ್ಕು. ಉಳಿದ 986 ಜನರಿಗೆ ಬರುವುದಿಲ್ಲ. ಪತ್ರಿಕೆಯ ತಲೆಬರಹಗಳಲ್ಲಿ ಈ ಎರಡನೇ ಸಂಖ್ಯೆ ಬರುವುದು ಅಪರೂಪ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 25 ಅಕ್ಷರ ಇಲ್ಲದಿದ್ದರೂ ಬಹಳ ಜನ ಆರೋಗ್ಯವಾಗಿರುವುದೇಕೆ ಎಂದು ಸಂಶೋಧಕರು ಮತ್ತೆ ಪ್ರತಿಗಳನ್ನು ಬಿಚ್ಚಿದರು. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೋಪ ಇದ್ದ ಹತ್ತರಲ್ಲಿ ಸುಮಾರು ಒಬ್ಬರಲ್ಲಿ ಅದೇ ಜೀನಿನ ಬೇರೊಂದು ಕಡೆ ಇನ್ನೊಂದು ಬದಲಾವಣೆಯೂ ಕಂಡಿತು. ಅಂಥವರ ಹೃದಯದ ಬಡಿತದ ರೀತಿಯೇ ಬೇರೆಯಾಗಿತ್ತು. 2020ರ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು: ಹೃದಯದ ಗೋಡೆ ದಪ್ಪಗಾಗುವ ಕಾಯಿಲೆಯ ಮಟ್ಟಿಗೆ, ನಿಜವಾದ ಅಪಾಯ ಇರುವುದು ಲೋಪದ ಜೊತೆಗೆ ಕೆಲವರಲ್ಲಷ್ಟೇ ಇರುವ ಮತ್ತೊಂದು ಅಕ್ಷರದ ಬದಲಾವಣೆಯಲ್ಲಿ. ಬರೀ ಲೋಪದಿಂದ ಅಪಾಯ ಹೆಚ್ಚಿದಂತೆ ಕಾಣಲಿಲ್ಲ. ಮಸ್ಕಿಯ ಕಲ್ಲು ನೆನಪಾಯಿತೇ? ಒಕ್ಕಣೆ ಎಲ್ಲ ಕಡೆ ಒಂದೇ. ಗುಟ್ಟು ಬಿಟ್ಟುಕೊಟ್ಟದ್ದು ಕೆಲವೇ ಪ್ರತಿಗಳಲ್ಲಿದ್ದ ಒಂದು ಪದ.

ಸಂಭವದ ಮಾತು ಬಿಟ್ಟು, ನೇರವಾಗಿ ಜೀವ ಉಳಿಸುವ ಮಾಹಿತಿಯೂ ಜೀನಿನಿಂದ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಗೊಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಡುವುದುಂಟು. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಕಿಣ್ವ ಇಲ್ಲದವರಿಗೆ ಗಂಟೆಗಟ್ಟಲೆ ಉಸಿರಾಡಲಾಗದು. ಯಂತ್ರದಿಂದ ಉಸಿರು ಕೊಡಬೇಕು. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚೆಂದು ಅರಿವಳಿಕೆ ವೈದ್ಯರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದರೆ ಬೇರೆ ಔಷಧ ಬಳಸಬಹುದು, ಅಷ್ಟೇ. ಇದು ಒಂದು ಸಮುದಾಯದ ದೋಷವೆಂದು ಯಾರೂ ತಿಳಿಯಬಾರದು. 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿದಾಗ, ಕೆಲವೇ ಪೂರ್ವಜರಿಂದ ಬೆಳೆದು, ತಮ್ಮೊಳಗೇ ಮದುವೆಯಾಗುತ್ತ ಬಂದ ಗುರುತು 81 ಗುಂಪುಗಳಲ್ಲಿ ಬಲವಾಗಿ ಕಂಡಿತು. ಇಂಥ ಕಡೆ ಒಂದೇ ಅಪರೂಪದ ಜೀನು ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆಯ ವಾಡಿಕೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಜಗತ್ತಿನಲ್ಲಿ ಇದುವರೆಗೆ ಓದಿದ ಜೀನೋಮ್‌ಗಳಲ್ಲಿ ಬಹುಪಾಲು ಯೂರೋಪ್ ಮೂಲದವರವು. ಅಲ್ಲಿನ ಲೆಕ್ಕವನ್ನು ಹಾಗೇ ತಂದು ಲಿಂಗಸುಗೂರಿನವರಿಗೆ ಅನ್ವಯಿಸಿದರೆ ಹೊಂದುವುದಿಲ್ಲ. ಈ ಕೊರತೆ ತುಂಬಲೆಂದೇ 2020ರಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ ಸುಮಾರು 10,000 ಜನರ ಜೀನೋಮ್ ಓದಿದವು. ಆ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ನಮ್ಮ ದೇಶದ ವೈವಿಧ್ಯಕ್ಕೆ ಹತ್ತು ಸಾವಿರ ಕಡಿಮೆಯೇ ಎಂದು ನನ್ನ ಅಭಿಪ್ರಾಯ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: “ರಕ್ತ ಪರೀಕ್ಷೆ ಆಮೇಲೆ. ಮೊದಲು ಮನೆಯ ವಂಶವೃಕ್ಷ ಬರಿ. ಯಾರಿಗೆ ಯಾವ ವಯಸ್ಸಿನಲ್ಲಿ ಎದೆನೋವು ಬಂತು, ಯಾರು ಹಠಾತ್ತಾಗಿ ತೀರಿಕೊಂಡರು, ಯಾರು ಯಾರನ್ನು ಮದುವೆಯಾದರು, ಎಲ್ಲ ಬರಿ. ಅದನ್ನು ವೈದ್ಯರಿಗೆ ತೋರಿಸು. ಇ.ಸಿ.ಜಿ., ಎಕೋ ಬೇಕೇ, ಜೀನ್ ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ.”

ಎರಡು ತಿಂಗಳ ನಂತರ ನಮ್ಮ ವಿಳಾಸಕ್ಕೆ ಅವಳ ಕಾಗದ ಬಂತು. ಜೊತೆಗೆ ನಾಲ್ಕು ತಲೆಮಾರಿನ ವಂಶವೃಕ್ಷ, ಸ್ಕೇಲಿಟ್ಟು ಎಳೆದ ಗೆರೆಗಳು. ಎರಡು ಕಡೆ ಗೆರೆ ಹೊರಗೆ ಹೋಗಿ ಮತ್ತೆ ಅದೇ ಮನೆಗೆ ಬಂದು ಸೇರಿತ್ತು. ಕಾಕಾನನ್ನು ಕಲಬುರಗಿಯ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆ ಹಾಳೆಯನ್ನೂ ಒಯ್ಯುವುದಾಗಿ ಬರೆದಿದ್ದಳು.