16 ಜಿಬಿಯಲ್ಲಿ ಒಂದು ಜಿಬಿ ಎಲ್ಲಿ ಹೋಯಿತು?

ಸಹೋದರಿಯರೇ, ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳ ನಿಕಾಹ್‌ನ ಫೋಟೋ, ವೀಡಿಯೋಗಳನ್ನು ತುಂಬಿಡಲು ಪೇಟೆಯಿಂದ 16 ಜಿಬಿಯ ಪೆನ್‌ಡ್ರೈವ್ ತರಿಸಿದ್ದಾರೆ. ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದು 14.9 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದನೇ?

ಇಲ್ಲ. ಚಿನ್ನದ ತೊಲವನ್ನು ನೆನಪಿಸಿಕೊಂಡರೆ ಇದರ ಗುಟ್ಟು ತಿಳಿಯುತ್ತದೆ. ಹಳೆಯ ತೊಲವೆಂದರೆ 11.66 ಗ್ರಾಂ. ಈಗ ಅನೇಕ ಸರಾಫರು 10 ಗ್ರಾಮಿಗೇ ತೊಲ ಎನ್ನುತ್ತಾರೆ. ಝಕಾತ್‌ಗೆ ಚಿನ್ನದ ನಿಸಾಬ್ ಏಳೂವರೆ ತೊಲ ಎಂದಾಗ ಅದು ಹಳೆಯ ತೊಲ, ಅಂದರೆ 87.48 ಗ್ರಾಂ. (85 ಗ್ರಾಂ ಎನ್ನುವ ವಿದ್ವಾಂಸರೂ ಇದ್ದಾರೆ, ಅದು ಬೇರೆ ಚರ್ಚೆ.) ಅಂಗಡಿಯ ತೊಲದಲ್ಲಿ ಗುಣಿಸಿದರೆ 75 ಗ್ರಾಂ ಮಾತ್ರ ಆಗುತ್ತದೆ. ಹೆಸರು ಒಂದೇ, ಅಳತೆ ಎರಡು!

ಜಿಬಿಯ ಕಥೆಯೂ ಹೀಗೆಯೇ. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಅಂತಹ ಒಂದು ಅಂಕಿ ಒಂದು ಬಿಟ್. 8 ಬಿಟ್ ಸೇರಿದರೆ ಒಂದು ಬೈಟ್. ಎರಡನ್ನು ಇಮ್ಮಡಿಸುತ್ತಾ ಹೋದರೆ 4, 8, 16 ಆಗಿ ಕೊನೆಗೆ 1024 ಬರುತ್ತದೆ. ಸಾವಿರಕ್ಕೆ ಹತ್ತಿರವಿದೆಯೆಂದು ಅದನ್ನೇ 'ಕಿಲೋ' ಎಂದು ಕರೆದುಬಿಟ್ಟರು. ಆದರೆ ಪೆನ್‌ಡ್ರೈವ್ ತಯಾರಿಸುವವರು ನೇರ ಸಾವಿರದಲ್ಲಿ ಎಣಿಸುತ್ತಾರೆ. ಅವರ 16 ಜಿಬಿಯೆಂದರೆ 1600 ಕೋಟಿ ಬೈಟ್. ವಿಂಡೋಸ್‌ನ ಒಂದು ಜಿಬಿ 107.37 ಕೋಟಿ ಬೈಟ್. ಭಾಗಿಸಿ ನೋಡಿ, 14.9 ಬರುತ್ತದೆ. ಕಿಲೋದಲ್ಲಿ ನೂರಕ್ಕೆ ಎರಡೂವರೆಯಷ್ಟೂ ಇಲ್ಲದ ಈ ಅಂತರ ಜಿಬಿಗೆ ಬರುವಾಗ ಏಳನ್ನು ದಾಟುತ್ತದೆ. 1 ಟಿಬಿಯ ಡಿಸ್ಕ್ 931 ಜಿಬಿಯಾಗಿ ಕಾಣುವುದೂ ಇದರಿಂದಲೇ. ಈ ಗೊಂದಲ ನಿವಾರಿಸಲು ಅಂತಾರಾಷ್ಟ್ರೀಯ ಆಯೋಗವೊಂದು 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿತು. ಪೇಟೆಯಲ್ಲಿ ಅವನ್ನು ಕೇಳುವವರು ಯಾರು?

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಬಿಟ್ ಮತ್ತು ಬೈಟ್ ನಡುವೆ. ಇಂಗ್ಲಿಷಿನಲ್ಲಿ ಸಣ್ಣ 'ಬಿ' ಬರೆದರೆ ಬಿಟ್, ದೊಡ್ಡದು ಬರೆದರೆ ಬೈಟ್. ನಮ್ಮ ಲಿಪಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರಗಳಿಲ್ಲ, ಹಾಗಾಗಿ ಕನ್ನಡದ ಜಾಹೀರಾತಿನಲ್ಲಿ ಆ ಗುರುತೇ ಅಳಿದುಹೋಗುತ್ತದೆ. ನೆನಪಿಡಿ, ಇಂಟರ್ನೆಟ್ಟಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೋಟೋ, ವೀಡಿಯೋಗಳ ಗಾತ್ರವನ್ನು ಬೈಟ್‌ನಲ್ಲಿ. ವೇಗವನ್ನು ಎಂಟರಿಂದ ಭಾಗಿಸಬೇಕು. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ ಮಾತ್ರ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕೆಂದು ಕೇಂದ್ರ ಸರಕಾರ 2023ರಲ್ಲಿ ನಿಗದಿ ಮಾಡಿತು. ಅಂದರೆ ಸೆಕೆಂಡಿಗೆ 250 ಕೆಬಿ. ಅಷ್ಟು ವೇಗದಲ್ಲಿ 5 ಎಂಬಿಯ ಒಂದು ಫೋಟೋ ಬರಲು 20 ಸೆಕೆಂಡ್ ಬೇಕು.

ಇನ್ನು ಮೊಬೈಲ್ ಪ್ಯಾಕ್. ದಿನದ ಪಾಲು ಮುಗಿದ ಮೇಲೆ ಅನೇಕ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಎಂಟರಿಂದ ಭಾಗಿಸಿ: ಸೆಕೆಂಡಿಗೆ 8 ಕೆಬಿ. ಅದೇ ಫೋಟೋಗೆ ಈಗ ಹತ್ತು ನಿಮಿಷಕ್ಕೂ ಹೆಚ್ಚು ಬೇಕು! ದುಬೈಯಲ್ಲಿರುವ ಯಜಮಾನರ ವೀಡಿಯೋ ಕರೆ ನಿಂತುಹೋಗುವುದೂ, ಮಗಳ ಆನ್‌ಲೈನ್ ಪಾಠ ತಡವರಿಸುವುದೂ ಆಗಲೇ. ನೆಟ್ ಕೆಟ್ಟಿತೆಂದು ತಕ್ಷಣ ಇನ್ನೊಂದು ರೀಚಾರ್ಜಿಗೆ ಓಡಬೇಡಿ. ಪಾಲು ಮುಗಿದಿದೆಯೇ ಎಂದು ಮೊದಲು ನೋಡಿ.

ಆ ಹೊತ್ತಿನಲ್ಲೂ ಬರೆದು ಕಳಿಸಿದ ಮಾತು ತಲುಪುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಅದಕ್ಕೆ ಹಚ್ಚುವ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. 'ಸಾಲಹಳ್ಳಿ' ಎಂದು ಕನ್ನಡದಲ್ಲಿ ಬರೆದರೆ 24 ಬೈಟ್, ಇಂಗ್ಲಿಷಿನಲ್ಲಿ 9. ಕನ್ನಡ ಹೆಚ್ಚು ಜಾಗ ಕೇಳುತ್ತದೆ, ನಿಜ. ಆದರೂ ಮನೆಯ ಸುದ್ದಿಯನ್ನೆಲ್ಲ ತುಂಬಿದ ಒಂದು ದೀರ್ಘ ಪತ್ರ 8 ಕೆಬಿಯಾದೀತು. ಆ ಮಂದ ವೇಗದಲ್ಲೂ ಅದಕ್ಕೆ ಹಿಡಿಯುವುದು ಒಂದೇ ಸೆಕೆಂಡ್.