ಎಲೆ ಅಲುಗದ ಮಧ್ಯಾಹ್ನದ ಲೆಕ್ಕ

ಸುಡುಬಿಸಿಲು, ಒಂದೆಲೆಯೂ ಅಲುಗುತ್ತಿಲ್ಲ. ಕಾದ ನೆಲದ ಶಾಖ ಗಾಳಿಗೆ ಹೇಗೆ ದಾಟುತ್ತದೆ? ಹವಾಮಾನ ಮಾದರಿಗಳ ಸರಳ ಸೂತ್ರವನ್ನು ಕೇಳಿದರೆ, ದಾಟುವುದೇ ಇಲ್ಲ! ಅದರಲ್ಲಿ ಶಾಖವೆಂದರೆ ಗಾಳಿಯ ಸರಾಸರಿ ವೇಗವನ್ನು ನೆಲ-ಗಾಳಿಗಳ ಉಷ್ಣತೆಯ ಅಂತರದಿಂದ ಗುಣಿಸಿದ ಲೆಕ್ಕ. ವೇಗ ಸೊನ್ನೆಯಾದರೆ ಶಾಖವೂ ಸೊನ್ನೆ. ಹಾಗಾಗದಿರಲೆಂದು ಇಲ್ಲದ ಗಾಳಿಯನ್ನು ಚೂರು ಇದೆಯೆಂದು ಬರೆದುಕೊಳ್ಳುವ ರೂಢಿಯೂ ಇದೆ. ಲೆಕ್ಕವೇನೋ ಕೂಡಿಬರುತ್ತದೆ, ಆದರೆ ಅದು ತೇಪೆಯೇ.

ನಿಜ ತಿಳಿಯಬೇಕಾದರೆ ಅಳೆಯಬೇಕು. ಬಟ್ಟಲುಗಳು ತಿರುಗುವ ಹಳೆಯ ಗಾಳಿಮಾಪಕ ಮಂದಗಾಳಿಗೆ ನಿಂತೇಬಿಡುತ್ತದೆ. ಸೋನಿಕ್ ಅನಿಮೋಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಎದುರುಬದುರು ಕೂತ ಎರಡು ಗುಂಡಿಗಳು ನಮಗೆ ಕೇಳಿಸದ ಶಬ್ದವನ್ನು ಪರಸ್ಪರ ಕಳಿಸುತ್ತವೆ. ಗಾಳಿಯ ಜೊತೆ ಹೋದದ್ದು ಬೇಗ ಮುಟ್ಟುತ್ತದೆ, ಎದುರು ಹೋದದ್ದು ತಡವಾಗಿ. ನಡುವಿನ ದೂರ 15 ಸೆಂಟಿಮೀಟರ್, ಗಾಳಿ ಸೆಕೆಂಡಿಗೆ 1 ಮೀಟರ್ ಎಂದಾದರೆ ಒಂದೊಂದು ದಿಕ್ಕಿಗೆ ಬೀಳುವ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಬಿಸಿ ಗಾಳಿಯಲ್ಲಿ ಶಬ್ದ ಚುರುಕಾಗುವುದರಿಂದ ಅದೇ ಓಟದಲ್ಲಿ ಉಷ್ಣತೆಯೂ ಸಿಗುತ್ತದೆ. ಮೇಲೇಳುವ ಗಾಳಿ ಎಷ್ಟು ಬಿಸಿ, ಇಳಿಯುವುದು ಎಷ್ಟು ತಂಪು ಎಂಬುದನ್ನು ಏಳುವ-ಇಳಿಯುವ ವೇಗದಿಂದ ಸೆಕೆಂಡಿಗೆ ಹತ್ತಾರು ಬಾರಿ ಗುಣಿಸಿ ಸರಾಸರಿ ತೆಗೆದರೆ ಶಾಖದ ಹರಿವು ಕೈಗೆ ಬರುತ್ತದೆ. ಉಷ್ಣತೆಯ ಬದಲು ಅಡ್ಡಗಾಳಿಯ ವೇಗವನ್ನಿಟ್ಟರೆ ನೆಲದ ಘರ್ಷಣೆ.

1990ರ ಮುಂಗಾರಿನಲ್ಲಿ, ನೆಲಕ್ಕಂಟಿದ ಗಾಳಿಪದರವನ್ನು ಅಳೆಯುವ ಮಾಂಟ್‌ಬ್ಲೆಕ್ಸ್ ಪ್ರಯೋಗಕ್ಕಾಗಿ ಜೋಧಪುರದಲ್ಲಿ 30 ಮೀಟರಿನ ಗೋಪುರ ನಿಲ್ಲಿಸಿ ಇಂಥ ಅಳತೆಗಳನ್ನು ಮಾಡಿದರು. ಅವನ್ನು ಜಾಲಾಡಿದ ವಿಜ್ಞಾನಿಗಳಾದ ಕೆ. ಜಿ. ರಾವ್ ಮತ್ತು ಬೆಂಗಳೂರಿನ ರೊದ್ದಂ ನರಸಿಂಹ 2006ರಲ್ಲಿ ಹೇಳಿದ್ದು ಇದು: ಮಂದಗಾಳಿಯಲ್ಲಿ ಶಾಖದ ಹರಿವು ಗಾಳಿಯ ವೇಗವನ್ನು ಲೆಕ್ಕಕ್ಕೇ ಇಡುವುದಿಲ್ಲ, ಉಷ್ಣತೆಯ ಅಂತರವೇ ಅದನ್ನು ನಿರ್ಧರಿಸುತ್ತದೆ. ಘರ್ಷಣೆಯ ಕಥೆ ಇನ್ನೂ ಸ್ವಾರಸ್ಯದ್ದು. ಗಾಳಿಯ ವೇಗ ಇಮ್ಮಡಿಯಾದರೆ ಘರ್ಷಣೆ ನಾಲ್ಮಡಿ ಎಂಬುದು ಪಠ್ಯಪುಸ್ತಕದ ಮಾತು. ಇಲ್ಲಿ ಅದು ಬರೀ ಇಮ್ಮಡಿ! ಕಾರಣ ಊಹಿಸಬಹುದು: ಗಾಳಿಯನ್ನು ಕಲಕುವ ಸುಳಿಗಳು ಹುಟ್ಟಿದ್ದು ಬಿಸಿಯಿಂದ, ಬೀಸುಗಾಳಿಯಿಂದಲ್ಲ. ಮೇಲಿನ ಗಾಳಿಯ ವೇಗವನ್ನು ಅವು ಸುಮ್ಮನೆ ಹೊತ್ತು ನೆಲಕ್ಕೆ ಇಳಿಸುತ್ತವೆ.

ಗಾಳಿ ಜೋರಾದರೆ ಹಳೆಯ ನಿಯಮವೇ ಸರಿ. ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ಮಾದರಿಗೆ ಹೇಳಿಕೊಡುವುದೇ ತಾಪತ್ರಯ. ಹಾಗೆಂದು ಬಿಡುವಂತೆಯೂ ಇಲ್ಲ, ನೀರಾವಿಯ ಲೆಕ್ಕಕ್ಕೂ ಇಂಥದೇ ಸೂತ್ರ: ಉಷ್ಣವಲಯದ ಬೆಚ್ಚನೆಯ ಕಡಲ ಮೇಲೆ ಗಾಳಿ ಬಿದ್ದ ದಿನಗಳಲ್ಲೂ ನೀರು ಆವಿಯಾಗುತ್ತಲೇ ಇರುತ್ತದೆ, ಮಳೆಮೋಡಗಳಿಗೆ ಬೇಕಾದದ್ದು ಆ ಆವಿಯೇ.